ಕಾರವಾರದ ‘ಚಪಲ’ ನೌಕೆ: ಹೆಸರು, ಜಾತಿ, ಸೇವಾಕಾಲಗಳ ವಿಚಾರ

೧

ಉತ್ತರ ಕನ್ನಡ ಜಿಲ್ಲೆಯ ಮುಖ್ಯಪಟ್ಟಣವಾದ ಕಾರವಾರದಲ್ಲಿ, ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತ ಕಡಲದಂಡೆಯ ಮೇಲೆ, ಒಂದು ಯುದ್ಧನೌಕೆಯು ನೀರನ್ನು ಬಿಟ್ಟು ನೆಲದ ಮೇಲೆ ನಿಂತಿದೆ. ಭಾರತೀಯ ನೌಕಾಪಡೆಯು ೨೦೦೫ನೆಯ ಇಸವಿಯ ಮೇ ತಿಂಗಳಿನಲ್ಲಿ ಇದನ್ನು ಸೇವೆಯಿಂದ ನಿವೃತ್ತಗೊಳಿಸಿತು. ೨೦೦೬ರಿಂದ ಇದು ವಸ್ತುಸಂಗ್ರಹಾಲಯವಾಗಿದೆ. ಜಿಲ್ಲೆಯ ಶಾಲೆಗಳ ಮಕ್ಕಳು ಉಪಾಧ್ಯಾಯರೊಡನೆ ಇದನ್ನು ನೋಡಲು ಬರುವುದು ವಾಡಿಕೆ. ಹೀಗೆ ಬಂದವರು ಸಾಮಾನ್ಯವಾಗಿ ಎರಡು ಮಾತುಗಳನ್ನು ಕೇಳಿಕೊಂಡು ಹೋಗುತ್ತಾರೆ. ನೌಕೆಯ ಹೆಸರು ‘ಚಾಪೆಲ್’ ಎಂಬುದು ಒಂದು. ೧೯೭೧ರ ಯುದ್ಧದಲ್ಲಿ ಇದು ಪಾಕಿಸ್ತಾನದ ವಿರುದ್ಧ ಹೋರಾಡಿತೆಂಬುದು ಮತ್ತೊಂದು. ಪ್ರವಾಸಿಗಳಿಗಾಗಿ ಬರೆದ ಬರಹಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಈ ಮಾತುಗಳು ಮತ್ತೆ ಮತ್ತೆ ಬಂದಿವೆ.

ಇವೆರಡೂ ನಿಲ್ಲತಕ್ಕವುಗಳಲ್ಲವೆಂದು ತೋರಿಸುವುದೂ, ಇವುಗಳ ಸ್ಥಾನದಲ್ಲಿ ಯಾವುದನ್ನು ಇಡಬೇಕೆಂಬುದನ್ನು ವಿವರಿಸುವುದೂ ಪ್ರಕೃತ ಲೇಖನದ ಉದ್ದೇಶ. ಹಡಗಿನ ವಿಚಾರಕ್ಕೂ ಸಾಹಿತ್ಯಾಭ್ಯಾಸಿಗಳಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಕವಿಯ ಕಾಲವನ್ನು ನಿರ್ಣಯಿಸುವಾಗ ನಾವು ಕೃತಿಯೊಳಗಿನ ಅಂತಃಪ್ರಮಾಣವನ್ನೂ ಹೊರಗಿನ ಬಹಿಃಪ್ರಮಾಣವನ್ನೂ ಕೂಡಿಸಿ ನೋಡುತ್ತೇವೆ. ಪಾಠ ಕೆಟ್ಟಿದ್ದರೆ ಶುದ್ಧಪಾಠವನ್ನು ಹುಡುಕುತ್ತೇವೆ. ಆ ಕ್ರಮವೇ ಇಲ್ಲಿಯೂ ಸಲ್ಲುತ್ತದೆ. ಶಾಸನವು ಕಲ್ಲಿನದಾದರೇನು, ಉಕ್ಕಿನದಾದರೇನು? ಓದುವ ನಿಯಮ ಒಂದೇ.

೨

ಮೊದಲು ಹೆಸರನ್ನು ತೆಗೆದುಕೊಳ್ಳೋಣ. ‘ಚಾಪೆಲ್’ ಎಂಬ ಪದ ನಮ್ಮ ಯಾವ ಭಾಷೆಯಲ್ಲಿಯೂ ಇಲ್ಲ. ರೋಮನ್ ಲಿಪಿಯಲ್ಲಿ ಬರೆದ ಹೆಸರನ್ನು ಕನ್ನಡಕ್ಕೆ ತಿರುಗಿಸುವಾಗ ಹ್ರಸ್ವದೀರ್ಘಗಳ ಭೇದ ತಿಳಿಯದೆ ಹುಟ್ಟಿದ ಅಪಪಾಠವಿದು. ಆ ಲಿಪಿಯಲ್ಲಿ ‘ಚ’ಕಾರಕ್ಕೂ ‘ಚಾ’ಕಾರಕ್ಕೂ ಒಂದೇ ಬರಹ, ಕಡೆಯ ಅಕ್ಷರಕ್ಕೆ ಕ್ರೈಸ್ತರ ಪ್ರಾರ್ಥನಾಮಂದಿರವನ್ನು ಹೇಳುವ ಇಂಗ್ಲಿಷ್ ಪದದ ಛಾಯೆಯೂ ಬಿದ್ದಂತೆ ತೋರುತ್ತದೆ. ಶುದ್ಧರೂಪವು ‘ಚಪಲ’, ಹಿಂದಿಯ ಉಚ್ಚಾರಣೆಯಂತೆ ‘ಚಪಲ್’.

ಈ ರೂಪವನ್ನು ಸಮರ್ಥಿಸುವುದಕ್ಕೆ ಒಡಹುಟ್ಟಿದ ನೌಕೆಗಳ ಹೆಸರುಗಳೇ ಸಾಕು. ಒಂದೇ ಕಾಲದಲ್ಲಿ ಸೇವೆಗೆ ಬಂದ ಈ ಜಾತಿಯ ಎಂಟು ನೌಕೆಗಳಲ್ಲಿ ನಾಲ್ಕು ‘ಪ್ರ’ ಎಂಬ ಉಪಸರ್ಗದಿಂದ ಮೊದಲಾಗುತ್ತವೆ: ಪ್ರಚಂಡ, ಪ್ರಲಯ, ಪ್ರತಾಪ, ಪ್ರಬಲ. ಉಳಿದ ನಾಲ್ಕು ಚವರ್ಗದಿಂದ ಮೊದಲಾಗುತ್ತವೆ: ಚಪಲ, ಚಮಕ್, ಚಾತಕ, ಚರಾಗ್. ಇವುಗಳಲ್ಲಿ ‘ಚಮಕ್’ ಎಂದರೆ ಹೊಳಪು. ‘ಚರಾಗ್’ ಎಂದರೆ ದೀಪ, ಪಾರಸಿಯಿಂದ ಬಂದ ಶಬ್ದ. ಚಾತಕವು ಕವಿಗಳಿಗೆಲ್ಲ ಪರಿಚಿತವಾದ ಹಕ್ಕಿ. ಈ ಪಂಕ್ತಿಯಲ್ಲಿ ‘ಚಪಲ’ಕ್ಕೆ ಸಹಜವಾದ ಸ್ಥಾನವಿದೆ, ‘ಚಾಪೆಲ್’ಗೆ ಇಲ್ಲ.

ಕನ್ನಡದಲ್ಲಿ ಇಂದು ‘ಚಪಲ’ವೆಂದರೆ ಬಾಯಿಚಪಲ, ಚಪಲಚಿತ್ತ ಮೊದಲಾದ ಮಾತುಗಳು ನೆನಪಾಗುತ್ತವೆ; ಆಸೆ, ಅಸ್ಥಿರತೆ ಎಂಬ ಅರ್ಥಗಳೇ ಮುಂದೆ ಬಂದಿವೆ. ಸಂಸ್ಕೃತದಲ್ಲಿ ಅದರ ಮೊದಲ ಅರ್ಥ ಚಲಿಸುವುದು, ಶೀಘ್ರಗತಿಯದು ಎಂದು. ಸ್ತ್ರೀಲಿಂಗದಲ್ಲಿ ‘ಚಪಲಾ’ ಎಂಬುದು ಮಿಂಚಿನ ಹೆಸರು. ಅಮರಸಿಂಹನು ಮಿಂಚಿನ ಪರ್ಯಾಯಪದಗಳನ್ನು ಎಣಿಸುವಲ್ಲಿ ‘ವಿದ್ಯುತ್’ ಮತ್ತು ‘ಚಪಲಾ’ಗಳನ್ನು ಒಟ್ಟಿಗೇ ಹೇಳಿದ್ದಾನೆ. ಇದಕ್ಕೆ ಮೊದಲು ನಮ್ಮ ನೌಕಾಪಡೆಗೆ ಬಂದ ಇಂಥ ದೋಣಿಗಳ ಗುಂಪಿಗೆ ‘ವಿದ್ಯುತ್’ ಎಂಬ ನೌಕೆಯ ಹೆಸರೇ ಜಾತಿಯ ಹೆಸರಾಗಿ ನಿಂತಿತ್ತೆಂಬುದನ್ನು ನೆನೆದರೆ, ಮೊದಲ ತಂಡದ ‘ವಿದ್ಯುತ್’ ಮತ್ತು ಎರಡನೆಯ ತಂಡದ ‘ಚಪಲ’ ಕೋಶದ ಪ್ರಕಾರ ಪರ್ಯಾಯಪದಗಳೇ ಆಗುತ್ತವೆ. ಹೆಸರಿಟ್ಟವರ ಮನಸ್ಸಿನಲ್ಲಿ ಇದು ಇತ್ತೋ ಇಲ್ಲವೋ, ಅರ್ಥವಂತೂ ನೌಕೆಗೆ ಚೆನ್ನಾಗಿ ಒಪ್ಪುತ್ತದೆ.

೩

ಇನ್ನು ನೌಕೆಯ ಜಾತಿ. ಹಿಂದೆ ಸಮುದ್ರಯುದ್ಧದಲ್ಲಿ ಬಲವೆಂದರೆ ಗಾತ್ರ. ದೊಡ್ಡ ಫಿರಂಗಿಯನ್ನು ಹೊರಲು ದೊಡ್ಡ ಹಡಗು ಬೇಕಾಗಿತ್ತು. ಈ ಲೆಕ್ಕವನ್ನು ತಲೆಕೆಳಗು ಮಾಡಿದುದು ಕ್ಷಿಪಣಿ. ಸೋವಿಯೆತ್ ದೇಶದವರು ೧೯೫೦ರ ದಶಕದ ಕೊನೆಯಲ್ಲಿ ‘ಪಿ-೧೫’ ಎಂಬ ಕ್ಷಿಪಣಿಯನ್ನು ರಚಿಸಿ, ಅದನ್ನು ಸಣ್ಣ ದೋಣಿಗಳಿಗೆ ಅಳವಡಿಸಿದರು. ಪಾಶ್ಚಾತ್ಯರು ಇದನ್ನು ‘ಸ್ಟಿಕ್ಸ್’ ಎಂದು ಕರೆದರು. ಸುಮಾರು ಆರು ಮೀಟರು ಉದ್ದ, ಎರಡು ಟನ್ನಿಗೆ ಮೀರಿದ ತೂಕ, ತಲೆಯಲ್ಲಿ ಸುಮಾರು ಅರ್ಧ ಟನ್ನಿನ ಸಿಡಿಗುಂಡು. ಹೋಗುವ ದೂರ ಸುಮಾರು ೪೦ ಕಿಲೋಮೀಟರು. ಮೊದಲು ಒಂದು ನೂಕುಬಾಣವು ಇದನ್ನು ದೋಣಿಯಿಂದ ಮೇಲಕ್ಕೆಬ್ಬಿಸಿ ಕಳಚಿಬೀಳುತ್ತದೆ. ಅನಂತರ ದ್ರವ ಇಂಧನದ ಯಂತ್ರವು ಮುಂದಕ್ಕೆ ಒಯ್ಯುತ್ತದೆ. ಗುರಿಯನ್ನು ಸಮೀಪಿಸಿದಾಗ ಮೂತಿಯಲ್ಲಿರುವ ರೇಡಾರು ಶತ್ರುವಿನ ಹಡಗನ್ನು ತಾನೇ ಹುಡುಕಿಕೊಂಡು ಹೋಗಿ ಹೊಡೆಯುತ್ತದೆ.

೧೯೬೭ರ ಅಕ್ಟೋಬರ್ ೨೧ರಂದು ಈಜಿಪ್ಟಿನ ಸಣ್ಣ ದೋಣಿಗಳು ಪೋರ್ಟ್ ಸಯೀದಿನ ಬಳಿಯಲ್ಲಿ ಈ ಕ್ಷಿಪಣಿಗಳನ್ನೆಸೆದು ಇಸ್ರೇಲಿನ ‘ಐಲಾತ್’ ಎಂಬ ವಿಧ್ವಂಸಕ ನೌಕೆಯನ್ನು ಮುಳುಗಿಸಿದುವು. ‘ಐಲಾತ್’ ಮೂಲತಃ ಬ್ರಿಟನ್ನಿನಲ್ಲಿ ಕಟ್ಟಿದ ಹಡಗು. ಕೊಟ್ಟದ್ದು ಬ್ರಿಟನ್, ಪಡೆದದ್ದು ಇಸ್ರೇಲ್. ಹೊಡೆದ ದೋಣಿಗಳೂ ಕೊಟ್ಟದ್ದು ಸೋವಿಯೆತ್, ಪಡೆದದ್ದು ಈಜಿಪ್ಟ್. ಆ ದಿನ ಎದುರಾದ ಎರಡು ಪಕ್ಷಗಳೂ ಪರದೇಶದ ಹಡಗುಗಳಲ್ಲಿ ಕಾದಿದುವು. ಕಳೆದ ಶತಮಾನದಲ್ಲಿ ಹಡಗುಗಳು ಧ್ವಜ ಬದಲಿಸಿ, ಹೆಸರು ಬದಲಿಸಿ, ಬೇರೆಯವರ ಯುದ್ಧಗಳಲ್ಲಿ ಎರಡನೆಯ ಜನ್ಮವನ್ನು ಕಳೆದುದು ಹೀಗೆ.

ಚಪಲವು ಈ ದೋಣಿಗಳಿಗಿಂತ ದೊಡ್ಡದಾದ ಮುಂದಿನ ವರ್ಗಕ್ಕೆ ಸೇರಿದ್ದು. ಪಾಶ್ಚಾತ್ಯ ನೌಕಾಪಡೆಗಳು ಈ ವರ್ಗಕ್ಕೆ ‘ಓಸಾ’ ಎಂದು ಹೆಸರಿಟ್ಟಿವೆ. ರಷ್ಯನ್ ಭಾಷೆಯಲ್ಲಿ ಇದರ ಅರ್ಥ ಕಡಜದ ಹುಳು. ಗಾತ್ರ ಕಿರಿದು, ಹಾರಾಟ ಬಿರುಸು, ಕೊಂಡಿ ಘೋರ ಎಂಬುದು ಹೆಸರಿನ ಸ್ವಾರಸ್ಯ. ಉದ್ದ ಸುಮಾರು ೩೯ ಮೀಟರು; ಅಗಲ ಎಂಟು ಮೀಟರಿಗೆ ಸ್ವಲ್ಪ ಕಡಿಮೆ; ತುಂಬುಭಾರ ೨೪೦ ಟನ್ನಿನ ಆಸುಪಾಸು. ಮೂರು ಡೀಸೆಲ್ ಯಂತ್ರಗಳು ಸೇರಿ ೧೫,೦೦೦ ಅಶ್ವಶಕ್ತಿಯನ್ನು ಕೊಡುತ್ತವೆ. ವೇಗ ಗಂಟೆಗೆ ಸುಮಾರು ೭೦ ಕಿಲೋಮೀಟರು. ಒಳಗೆ ಸುಮಾರು ಮೂವತ್ತು ಮಂದಿ. ನಮ್ಮ ಕರಾವಳಿಯಲ್ಲಿ ಪಾತಿ, ದೋಣಿ, ಮಚವೆ, ಪಡಾವು, ಹಡಗು ಎಂದು ಗಾತ್ರಾನುಸಾರವಾಗಿ ಹೆಸರುಗಳಿವೆ. ಈ ಏಣಿಯಲ್ಲಿ ಇದನ್ನು ಹಡಗೆನ್ನುವುದಕ್ಕಿಂತ ದೋಣಿಯೆನ್ನುವುದೇ ನೌಕಾಪಡೆಯ ರೂಢಿ: ಕ್ಷಿಪಣಿದೋಣಿ. ಇಲ್ಲಿಯೂ ಒಂದು ಶಬ್ದಕೌತುಕವುಂಟು. ಇಂದು ನಾವು ಅಸ್ತ್ರಕ್ಕೆ ‘ಕ್ಷಿಪಣಿ’ ಎನ್ನುತ್ತೇವಷ್ಟೆ; ಅಮರಕೋಶದಲ್ಲಿ ‘ಕ್ಷೇಪಣೀ’ ಎಂದರೆ ದೋಣಿ ನಡೆಸುವ ಹುಟ್ಟು. ಒಂದೇ ಧಾತುವು ಅಂಬಿಗನ ಕೈಯ ಮರದ ತುಂಡನ್ನೂ, ಕ್ಷಿತಿಜದಾಚೆಯ ಹಡಗನ್ನು ಸುಡುವ ಅಸ್ತ್ರವನ್ನೂ ಹೆಸರಿಸಿದೆ.

೪

೧೯೭೧ರ ಯುದ್ಧದಲ್ಲಿ ಕರಾಚಿಯ ಮೇಲೆ ಎರಗಿದುವು ಯಾವ ನೌಕೆಗಳೆಂಬುದು ಚೆನ್ನಾಗಿ ದಾಖಲಾಗಿರುವ ವಿಷಯ. ‘ಐಲಾತ್’ನ ಪ್ರಸಂಗವಾದ ಬಳಿಕ ಭಾರತವು ಸೋವಿಯೆತ್ ದೇಶದಿಂದ ಎಂಟು ಕ್ಷಿಪಣಿದೋಣಿಗಳನ್ನು ಪಡೆಯಲು ಏರ್ಪಾಡು ಮಾಡಿತು. ನಮ್ಮ ನಾವಿಕರು ವ್ಲಾಡಿವಾಸ್ತೋಕಿಗೆ ಹೋಗಿ, ರಷ್ಯನ್ ಭಾಷೆಯನ್ನು ಕಲಿತು, ಆ ಭಾಷೆಯಲ್ಲಿಯೇ ತರಬೇತಿಯನ್ನು ಪಡೆದರು. ದೋಣಿಗಳು ೧೯೭೧ರ ಮೊದಲ ಭಾಗದಲ್ಲಿ ಸರಕುಹಡಗುಗಳ ಮೇಲೇರಿ ಕಲ್ಕತ್ತೆಗೆ ಬಂದುವು. ಅಷ್ಟು ಭಾರವನ್ನೆತ್ತಿ ಇಳಿಸುವ ಸೌಕರ್ಯ ಅಲ್ಲಿತ್ತು. ಅಲ್ಲಿಂದ ಅವುಗಳನ್ನು ದಕ್ಷಿಣಭೂಶಿರವನ್ನು ಸುತ್ತಿಸಿ ಮುಂಬಯಿಗೆ ಎಳೆದೊಯ್ದರು. ಆ ದಾರಿ ನಮ್ಮ ಪಶ್ಚಿಮ ಕರಾವಳಿಯ ಮುಂದಿನದೇ.

ಆ ಎಂಟರ ಹೆಸರುಗಳು ಇವು: ವೀರ್, ವಿದ್ಯುತ್, ವಿಜೇತಾ, ವಿನಾಶ್, ನಿಪಾತ್, ನಾಶಕ್, ನಿರ್ಭೀಕ್, ನಿರ್ಘಾತ್. ಡಿಸೆಂಬರ್ ೪ರ ರಾತ್ರಿ ‘ತ್ರಿಶೂಲ’ವೆಂಬ ಅರ್ಥದ ಇಂಗ್ಲಿಷ್ ಹೆಸರನ್ನು ಪಡೆದ ಕಾರ್ಯಾಚರಣೆಯಲ್ಲಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು, ಕಿಲ್ತಾನ್ ಮತ್ತು ಕಚ್ಛಲ್ ಎಂಬ ಬೆಂಗಾವಲು ನೌಕೆಗಳೊಡನೆ, ಕಮಾಂಡರ್ ಬಬ್ರು ಭಾನ್ ಯಾದವರ ನೇತೃತ್ವದಲ್ಲಿ ಕರಾಚಿಯ ದಕ್ಷಿಣಕ್ಕೆ ಸಾಗಿದುವು. ಪಾಕಿಸ್ತಾನದ ‘ಖೈಬರ್’ ಎಂಬ ವಿಧ್ವಂಸಕ ನೌಕೆಯೂ ‘ಮುಹಾಫಿಜ್’ ಎಂಬ ಸಿಡಿಗುಂಡು ತೆಗೆಯುವ ನೌಕೆಯೂ ಆ ರಾತ್ರಿ ಮುಳುಗಿದುವು. ಎರಡು ಸಾವಿರ ಟನ್ನಿಗೆ ಮೀರಿದ ಖೈಬರನ್ನು ಮುಳುಗಿಸಿದುದು ಅದರ ಹತ್ತರಲ್ಲೊಂದು ಪಾಲಿನ ಭಾರವಿದ್ದ ದೋಣಿ. ಖೈಬರಿನಲ್ಲಿ ಇನ್ನೂರಕ್ಕೂ ಮೀರಿ ನಾವಿಕರು ಪ್ರಾಣ ಕಳೆದುಕೊಂಡರು. ಈ ಖೈಬರ್ ಕೂಡ ಹಿಂದಿನ ಜನ್ಮದಲ್ಲಿ ಬ್ರಿಟನ್ನಿನ ‘ಕಾಡಿಜ್’ ಎಂಬ ನೌಕೆ. ೧೯೫೦ರ ದಶಕದಲ್ಲಿ ಪಾಕಿಸ್ತಾನಕ್ಕೆ ಹಸ್ತಾಂತರವಾದದ್ದು. ಆ ಸಮಯದಲ್ಲಿ ನಮ್ಮವರು ತಮ್ಮತಮ್ಮೊಳಗೆ ರಷ್ಯನ್ ಭಾಷೆಯಲ್ಲಿ ಮಾತನಾಡಿ, ಕದ್ದು ಕೇಳುವವರನ್ನು ಕಂಗೆಡಿಸಿದರೆಂಬ ಹೇಳಿಕೆ ಪ್ರಸಿದ್ಧವಾಗಿದೆ. ಡಿಸೆಂಬರ್ ೮ರ ರಾತ್ರಿ ‘ವಿನಾಶ್’ ದೋಣಿಯು ‘ತ್ರಿಶೂಲ್’ ಮತ್ತು ‘ತಲ್ವಾರ್’ ನೌಕೆಗಳೊಡನೆ ಹೋಗಿ ಎರಡನೆಯ ಬಾರಿ ಹೊಡೆಯಿತು; ಕಿಯಾಮಾರಿಯ ಎಣ್ಣೆಯ ಕೊಠಾರಗಳು ಹತ್ತಿ ಉರಿದುವು. ಡಿಸೆಂಬರ್ ೪ನ್ನು ನಾವು ನೌಕಾಪಡೆಯ ದಿನವೆಂದು ಆಚರಿಸುವುದು ಇದರ ನೆನಪಿಗಾಗಿ.

ಈ ಪಟ್ಟಿಗಳಲ್ಲಿ ಚಪಲದ ಹೆಸರಿಲ್ಲ. ಇರಲು ಸಾಧ್ಯವೂ ಇಲ್ಲ. ಚಪಲವು ಭಾರತದ ಸೇವೆಗೆ ಸೇರಿದ್ದು ೧೯೭೬ರ ನವೆಂಬರಿನಲ್ಲಿ, ಯುದ್ಧ ಮುಗಿದು ಹೆಚ್ಚುಕಡಿಮೆ ಐದು ವರ್ಷಗಳಾದ ಮೇಲೆ. ಮೊದಲ ತಂಡದ ಯಶಸ್ಸನ್ನು ಕಂಡೇ ಈ ಎರಡನೆಯ ತಂಡವನ್ನು ೧೯೭೬-೭೭ರಲ್ಲಿ ತರಿಸಿದುದು. ಎಂದರೆ ಚಪಲವು ೧೯೭೧ರ ಯುದ್ಧದ ಫಲ, ಅದರ ಕರ್ತೃವಲ್ಲ.

೫

ಮೇಲೆ ಹೇಳಿದುದು ಬಹಿಃಪ್ರಮಾಣ. ದಾಖಲೆಗಳನ್ನು ನೋಡಲಾರದವರಿಗೂ ದೊರೆಯುವ ಅಂತಃಪ್ರಮಾಣವೊಂದು ನೌಕೆಯ ಮೈಮೇಲೆಯೇ ಇದೆ. ಅಟ್ಟದ ಎರಡು ಪಕ್ಕಗಳಲ್ಲಿ, ಮುಂದೆರಡು ಹಿಂದೆರಡು, ಕ್ಷಿಪಣಿಯನ್ನಿಡುವ ನಾಲ್ಕು ಗೂಡುಗಳಿವೆ. ಅವು ದುಂಡನೆಯ ಕೊಳವೆಗಳು. ಮೊದಲ ತಂಡದ ದೋಣಿಗಳಲ್ಲಿದ್ದ ಗೂಡುಗಳು ಪೆಟ್ಟಿಗೆಯಾಕಾರದವು. ಕಾರಣ ಸರಳವಾದುದು: ಹಳೆಯ ಪಿ-೧೫ ಕ್ಷಿಪಣಿಯ ರೆಕ್ಕೆಗಳು ಬಿಗಿಯಾಗಿ ಚಾಚಿಕೊಂಡಿದ್ದುವು, ಅವು ಹಿಡಿಸಬೇಕಾದರೆ ಅಗಲವಾದ ಪೆಟ್ಟಿಗೆಯೇ ಬೇಕು. ತಿದ್ದಿದ ಕ್ಷಿಪಣಿಯ ರೆಕ್ಕೆಗಳು ಮಡಿಚಿಕೊಳ್ಳುವಂಥವು. ಗೂಡಿನಿಂದ ಹೊರಬಿದ್ದ ಮೇಲೆ ಬಿಚ್ಚಿಕೊಳ್ಳುತ್ತವೆ. ಹಾಗಾಗಿ ಕಿರಿದಾದ ದುಂಡುಕೊಳವೆ ಸಾಕಾಯಿತು. ದುಂಡುಗೂಡಿರುವ ದೋಣಿ ಎರಡನೆಯ ತಂಡದ್ದು; ಎರಡನೆಯ ತಂಡವು ಯುದ್ಧಾನಂತರ ಬಂದದ್ದು. ಲಿಪಿಯ ಆಕೃತಿಯನ್ನು ನೋಡಿ ಶಾಸನದ ಕಾಲವನ್ನು ಹೇಳುವಂತೆ, ಗೂಡಿನ ಆಕೃತಿಯನ್ನು ನೋಡಿ ಇದರ ಕಾಲವನ್ನು ಹೇಳಬಹುದು. ಎಂಟನೆಯ ತರಗತಿಯ ಹುಡುಗನೂ ಈ ಪರೀಕ್ಷೆಯನ್ನು ಮಾಡಬಲ್ಲನು.

ಹಾಗಾದರೆ ತಪ್ಪುಮಾತು ಹುಟ್ಟಿದ್ದು ಹೇಗೆ? ಮೂರು ಕಾರಣಗಳನ್ನು ಊಹಿಸಬಹುದು. ಎರಡು ತಂಡಗಳೂ ಒಂದೇ ದೇಶದಿಂದ ಬಂದವು, ಹೊರನೋಟಕ್ಕೆ ಅಕ್ಕತಂಗಿಯರಂತಿವೆ, ಇದು ಮೊದಲನೆಯದು. ನೌಕಾಪಡೆಯಲ್ಲಿ ನಿವೃತ್ತವಾದ ನೌಕೆಯ ಹೆಸರನ್ನು ಹೊಸದಕ್ಕೆ ಇಡುವ ಸಂಪ್ರದಾಯವಿದೆ. ೧೯೮೭ರಿಂದ ಬಂದ ಹೊಸ ವರ್ಗದಲ್ಲಿ ವೀರ್, ನಿಪಾತ್, ನಿರ್ಘಾತ್, ವಿನಾಶ್ ಎಂಬ ಹೆಸರುಗಳು ಮರುಹುಟ್ಟು ಪಡೆದುವು. ಚಪಲದ ಒಡಹುಟ್ಟುಗಳಾದ ಪ್ರಬಲ, ಪ್ರಲಯಗಳ ಹೆಸರುಗಳು ೨೦೦೨ರಲ್ಲಿ ಭಾರತದಲ್ಲಿಯೇ ಕಟ್ಟಿದ ನೌಕೆಗಳಿಗೆ ಹೋದುವು. ಬಾದಾಮಿಯ ವಿಕ್ರಮಾದಿತ್ಯನನ್ನೂ ಕಲ್ಯಾಣದ ವಿಕ್ರಮಾದಿತ್ಯನನ್ನೂ ಬೆರೆಸಿಬಿಡುವ ವಿದ್ಯಾರ್ಥಿಯನ್ನು ಕಂಡವರಿಗೆ ಇಂಥ ಗೊಂದಲ ಹೊಸದಲ್ಲ. ಇದು ಎರಡನೆಯದು. ಮೂರನೆಯದು ಮನುಷ್ಯಸ್ವಭಾವ: ಕಣ್ಣೆದುರಿಗಿರುವ ವಸ್ತುವಿಗೆ ತಾನು ಕೇಳಿದ ಅತ್ಯಂತ ದೊಡ್ಡ ಕಥೆಯನ್ನು ಅಂಟಿಸುವುದು. ನಮ್ಮ ಊರೂರಿನಲ್ಲಿ ಪಾಂಡವರು ಕಟ್ಟಿದ ಗುಡಿಗಳೂ ಭೀಮನು ಎತ್ತಿದ ಗುಂಡುಗಳೂ ಹುಟ್ಟಿಕೊಂಡುದು ಇದೇ ದಾರಿಯಲ್ಲಿ.

೬

ಕಾರವಾರಕ್ಕೂ ಕರಾಚಿಯ ಕಾರ್ಯಾಚರಣೆಗೂ ನಿಜವಾದ ಸಂಬಂಧ ಬೇಕೆನ್ನುವವರಿಗೆ ಅದು ಬೇರೆ ಕಡೆಯಲ್ಲಿ ದೊರೆಯುತ್ತದೆ. ಕಾರವಾರದ ದಕ್ಷಿಣಕ್ಕೆ, ದಡಕ್ಕೆ ಎದುರಾಗಿ ಅಂಜುದೀವ ದ್ವೀಪವಿದೆ. ೧೪೯೮ರಲ್ಲಿ ವಾಸ್ಕೋ ಡ ಗಾಮನು ಹಿಂದಿರುಗುವಾಗ ತಂಗಿದ್ದ ಸ್ಥಳವಿದು. ೧೯೬೧ರ ಡಿಸೆಂಬರ್ ೧೮ರಂದು ಪೋರ್ತುಗೀಸರ ಕೈಯಿಂದ ಇದನ್ನು ಬಿಡಿಸಲು ದಡಕ್ಕಿಳಿದ ತುಕಡಿ ‘ತ್ರಿಶೂಲ್’ ನೌಕೆಯದು. ‘ಮೈಸೂರ್’ ಎಂಬ ನೌಕೆಯೂ ಆ ಕಾರ್ಯದಲ್ಲಿತ್ತು. ಅಂದು ಕೆಲವು ನಾವಿಕರು ಪ್ರಾಣತೆತ್ತರು. ಅದೇ ‘ತ್ರಿಶೂಲ್’ ಹತ್ತು ವರ್ಷಗಳ ಬಳಿಕ ‘ವಿನಾಶ್’ ದೋಣಿಗೆ ಜೊತೆಯಾಗಿ ಕರಾಚಿಗೆ ಹೋಯಿತು. ಇಲ್ಲದ ಸಂಬಂಧವನ್ನು ಕಲ್ಪಿಸಿಕೊಂಡಾಗ ಇರುವ ಸಂಬಂಧ ಮರೆಯಾಗುತ್ತದೆ.

ಚಪಲವು ೧೯೭೬ರಿಂದ ೨೦೦೫ರವರೆಗೆ ಇಪ್ಪತ್ತೆಂಟು ವರ್ಷಗಳ ಕಾಲ ಸೇವೆಯಲ್ಲಿತ್ತು. ಈ ಅವಧಿಯಲ್ಲಿ ಭಾರತದ ಯಾವ ನೌಕೆಯೂ ಶತ್ರುನೌಕೆಯ ಮೇಲೆ ಕ್ಷಿಪಣಿಯನ್ನೆಸೆದ ಯುದ್ಧ ನಡೆಯಲಿಲ್ಲ. ಇದರಿಂದ ಅದರ ಸೇವೆ ಬರಿದಾಯಿತೆನ್ನಲಾಗದು. ೧೯೭೧ರಲ್ಲಿ ಒಂದು ಬಂದರು ಉರಿದುದನ್ನು ಕಂಡ ಯಾವ ನೆರೆರಾಜ್ಯವೂ ಇಂಥ ದೋಣಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರಲಾರದು. ಒರೆಯಲ್ಲಿರುವ ಕತ್ತಿಗೂ ಕೆಲಸವುಂಟು. ಇದರಲ್ಲಿ ದುಡಿದವರ ಕಷ್ಟವೂ ಸಣ್ಣದಲ್ಲ. ಇಕ್ಕಟ್ಟಾದ ಯಂತ್ರದ ಕೋಣೆ, ಕಿವಿಗಡಚಿಕ್ಕುವ ಸದ್ದು, ಉಷ್ಣದೇಶದ ಸೆಕೆ. ಇವಲ್ಲದೆ ಈ ಕ್ಷಿಪಣಿಗೆ ತುಂಬುವ ದ್ರವಗಳು ಮೈಯನ್ನು ಸುಡುವ, ಉಸಿರಿಗೆ ವಿಷವಾಗುವ ಪದಾರ್ಥಗಳು. ಬಾರದ ಯುದ್ಧಕ್ಕೆ ದಿನವೂ ಸಿದ್ಧವಾಗಿರುವುದು ಬಂದ ಯುದ್ಧವನ್ನು ಮಾಡುವುದರಷ್ಟು ಕೀರ್ತಿಯನ್ನು ಕೊಡುವುದಿಲ್ಲ. ಆದಕಾರಣವೇ ಅದನ್ನು ಇದ್ದಂತೆ ಹೇಳುವ ಹೊಣೆ ಹೆಚ್ಚು.

೭

ಕೊನೆಯದಾಗಿ, ಈ ನೌಕೆಯು ಕಾರವಾರದಲ್ಲಿಯೇ ಏಕೆ ನಿಲ್ಲಬೇಕಾಯಿತು ಎಂಬುದನ್ನು ನೋಡಬೇಕು. ೧೯೮೬ರ ಅಕ್ಟೋಬರ್ ೨೪ರಂದು ಅಂದಿನ ಪ್ರಧಾನಮಂತ್ರಿ ರಾಜೀವ್ ಗಾಂಧಿಯವರು ಇಲ್ಲಿ ‘ಸೀ ಬರ್ಡ್’ ಎಂಬ ನೌಕಾನೆಲೆಯ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. ೨೦೦೫ರ ಮೇ ೩೧ರಂದು ಆ ನೆಲೆಯು ಬನವಾಸಿಯ ಅರಸುಮನೆತನದ ನೆನಪಿನಲ್ಲಿ ‘ಕದಂಬ’ ಎಂಬ ಹೆಸರಿನಿಂದ ಆರಂಭವಾಯಿತು. ಚಪಲದ ನಿವೃತ್ತಿಯೂ ಅದೇ ತಿಂಗಳಿನದು: ದೋಣಿಯೊಂದರ ಸೇವೆ ಮುಗಿದ ತಿಂಗಳಿನಲ್ಲಿಯೇ ನಮ್ಮ ನಾಡಿನಲ್ಲಿ ನೌಕಾನೆಲೆಯೊಂದರ ಸೇವೆ ಮೊದಲಾಯಿತು.

ಈ ನೆಲೆಗಾಗಿ ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಹದಿಮೂರು ಗ್ರಾಮಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ತೋಟಗಳನ್ನು ಬಿಟ್ಟುಕೊಟ್ಟುವು. ಸುಮಾರು ಹನ್ನೊಂದು ಸಾವಿರ ಎಕರೆಗಳಷ್ಟು ಭೂಮಿ ನೆಲೆಗೆ ಸೇರಿತು. ಕಾರವಾರದ ಕಡೆಯ ಅರಗಾ, ಅಂಕೋಲೆಯ ಕಡೆಯ ಹಾರವಾಡ ಮೊದಲಾದ ಊರುಗಳಲ್ಲಿ ಗದ್ದೆಯ ಒಕ್ಕಲೂ ಬಲೆಯ ಮೀನುಗಾರನೂ ಒಂದೇ ನೋವನ್ನುಂಡರು. ಮೀನುಗಾರನಿಗೆ ಹೋದುದು ಮನೆ ಮಾತ್ರವಲ್ಲ, ದೋಣಿಯನ್ನೆಳೆದಿಡುವ ದಂಡೆಯೂ ಹೋಯಿತು. ಪರಿಹಾರದ ವ್ಯಾಜ್ಯಗಳು ದಶಕಗಟ್ಟಲೆ ನ್ಯಾಯಾಲಯಗಳಲ್ಲಿ ನಡೆದುವು. ೧೯೩೦ರ ಉಪ್ಪಿನ ಸತ್ಯಾಗ್ರಹದಲ್ಲಿಯೂ ಕರನಿರಾಕರಣೆಯಲ್ಲಿಯೂ ಸರ್ವಸ್ವವನ್ನು ಒಡ್ಡಿ ನಿಂತ ಅಂಕೋಲೆಯ ಜನ ಮತ್ತೊಮ್ಮೆ, ಈ ಬಾರಿ ಸ್ವತಂತ್ರ ದೇಶಕ್ಕಾಗಿ, ನೆಲವನ್ನು ತೆತ್ತರು. ಕಡಲದಂಡೆಯಲ್ಲಿ ನಿಂತ ಚಪಲವು ನೌಕಾಪಡೆಯ ಗುರುತಾಗಿರುವಂತೆಯೇ, ಆ ನೌಕಾಪಡೆಗೆ ನೆಲೆ ಕೊಟ್ಟವರ ಗುರುತೂ ಆಗಬಹುದಾಗಿದೆ. ಆದರೆ ಸಂಗ್ರಹಾಲಯಕ್ಕೆ ಬರುವವರ ಬಾಯಲ್ಲಿ ಕರಾಚಿ ಇರುವಷ್ಟು ಅರಗಾ ಇಲ್ಲ, ಹಾರವಾಡ ಇಲ್ಲ.

೮

ಇದುವರೆಗಿನ ವಿಚಾರದಿಂದ ಸಿದ್ಧವಾದುದು ಇಷ್ಟು. ನೌಕೆಯ ಹೆಸರು ‘ಚಪಲ’, ‘ಚಾಪೆಲ್’ ಅಲ್ಲ. ಇದು ಸೋವಿಯೆತ್ ದೇಶದಲ್ಲಿ ಕಟ್ಟಿ ಭಾರತಕ್ಕೆ ಬಂದ ಎರಡನೆಯ ತಂಡದ ಕ್ಷಿಪಣಿದೋಣಿ. ೧೯೭೧ರ ಯುದ್ಧಕಾಲದಲ್ಲಿ ಇದು ನಮ್ಮ ನೌಕಾಪಡೆಯಲ್ಲಿರಲಿಲ್ಲ. ಆ ಕೀರ್ತಿ ಕರಾಚಿಗೆ ಹೋದ ನಿಪಾತ್, ನಿರ್ಘಾತ್, ವೀರ್, ವಿನಾಶ್ ದೋಣಿಗಳಿಗೂ ಅವುಗಳ ಬೆಂಗಾವಲಿಗೂ ಸಲ್ಲತಕ್ಕದ್ದು. ಚಪಲದ ನಿಜವಾದ ಚರಿತ್ರೆಯು ಇಪ್ಪತ್ತೆಂಟು ವರ್ಷಗಳ ಎಚ್ಚರದ ಕಾವಲು.

ಕಾರವಾರದ ಕಡಲನ್ನು ನೋಡಿ ತಾರುಣ್ಯದಲ್ಲಿ ನಾಟಕವೊಂದನ್ನು ಬರೆದ ಕವಿ ರವೀಂದ್ರರ ಹೆಸರಿನ ದಂಡೆಯಿದು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗಿನ ಮಾತು. ಇಂಥ ಸ್ಥಳಕ್ಕೆ ವಿದ್ಯಾರ್ಥಿಗಳನ್ನು ಕರೆತರುವ ಉಪಾಧ್ಯಾಯರು ಚಪಲದ ದುಂಡುಗೂಡನ್ನು ತೋರಿಸಿ, ಅದು ಏಕೆ ದುಂಡಾಗಿದೆಯೆಂದು ಕೇಳಲಿ. ಹೆಸರನ್ನು ಓದಿಸಿ, ಕೋಶವನ್ನು ತೆರೆಯಿಸಲಿ. ಅನಂತರ ದಕ್ಷಿಣಕ್ಕೆ ಕೈತೋರಿಸಿ, ಅರಗಾ ಹಾರವಾಡಗಳ ಹೆಸರನ್ನು ಹೇಳಲಿ. ಪ್ರಮಾಣವನ್ನು ಕೇಳುವ ಅಭ್ಯಾಸವೂ ಉಪಕಾರವನ್ನು ನೆನೆಯುವ ಅಭ್ಯಾಸವೂ ಒಂದೇ ಪಾಠದಲ್ಲಿ ಅವರಿಗೆ ದೊರೆಯುತ್ತವೆ.